ಶಿಲೆಯಲ್ಲಿ ಚಿತ್ರಕಥೆ: ಶಿಕಾರಿಪುರ-ಸೊರಬ ಸೀಮೆಯ ಸ್ಮಾರಕಶಿಲೆಗಳನ್ನು ಓದುವ ಬಗೆ

ಹಲವು ಚಿತ್ರಕಾರರ ಕೈಯಿಂದ ಮೂಡಿದ ಚಿತ್ರಕಥೆಗಳನ್ನು ಒಂದು ಸಂಪುಟದಲ್ಲಿ ಕೂಡಿಸಿ ಪ್ರಕಟಿಸುವ ರೂಢಿ ಇಂದು ಲೋಕದ ಅನೇಕ ಭಾಷೆಗಳಲ್ಲಿ ನೆಲೆಗೊಂಡಿದೆ. ಇಂತಹ ಸಂಪುಟಗಳ ಸ್ವಾರಸ್ಯವಿರುವುದು ಕಥೆಗಳಲ್ಲಿ ಮಾತ್ರವಲ್ಲ. ಒಂದೇ ಅಳತೆಯ ಪುಟವನ್ನು ಒಬ್ಬೊಬ್ಬ ಚಿತ್ರಕಾರನೂ ಹೇಗೆ ತನ್ನದನ್ನಾಗಿ ಮಾಡಿಕೊಂಡನೆಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶವೇ ಅವುಗಳ ಮುಖ್ಯ ಲಾಭ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು ೧೯೬೭ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ಮಾಲೆಯನ್ನು ಓದಿ ಬೆಳೆದವರಿಗೆ ಈ ಅನುಭವ ಅಪರಿಚಿತವಲ್ಲ. ಪುಸ್ತಕದ ಆಕಾರ, ಚೌಕಗಳ ಕ್ರಮ, ಕಥೆಯನ್ನು ಆರಿಸುವ ದೃಷ್ಟಿ ಇವೆಲ್ಲ ಮಾಲೆಗೆ ಸಾಮಾನ್ಯವಾಗಿದ್ದರೂ ರಾಮ್ ವಾಯೀರ್ಕರರ ಗೆರೆ ಒಂದು, ಪ್ರತಾಪ್ ಮುಳೀಕರ ಗೆರೆ ಮತ್ತೊಂದು ಎಂಬುದನ್ನು ಹೆಸರು ನೋಡದೆಯೇ ಹೇಳಬಲ್ಲ ಬಾಲಕರು ನಮ್ಮ ಊರುಗಳಲ್ಲಿ ಇದ್ದರು.

ಪ್ರಕೃತ ಲೇಖನದ ವಿಷಯ ಮುದ್ರಿತ ಚಿತ್ರಕಥೆಯಲ್ಲ. ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ ಊರೂರಿಗೂ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿಗಲ್ಲುಗಳನ್ನು ಇಂತಹುದೊಂದು ಸಂಕಲನವೆಂದು ಭಾವಿಸಿ ಓದಿದರೆ ಇತಿಹಾಸಾಭ್ಯಾಸಿಗೆ ಏನು ದೊರೆಯುತ್ತದೆ ಎಂಬುದೇ ಇಲ್ಲಿಯ ವಿಚಾರ. ಚಿತ್ರಕಥೆಯ ಕಲೆ ಭಾರತದಲ್ಲೇ, ಅದರಲ್ಲಿಯೂ ನಮ್ಮ ಜಿಲ್ಲೆಯಲ್ಲೇ ಹುಟ್ಟಿತೆಂದು ಸಾಧಿಸುವ ಉತ್ಸಾಹ ನನಗಿಲ್ಲ. ಅಂತಹ ಹೆಮ್ಮೆಯಿಂದ ಇತಿಹಾಸಕ್ಕೆ ಯಾವ ಉಪಕಾರವೂ ಆಗದು. ವೀರಗಲ್ಲು ಮೃತನೊಬ್ಬನಿಗಾಗಿ ಅವನ ಮನೆಯವರೋ ಊರವರೋ ನಿಲ್ಲಿಸಿದ ಸ್ಮಾರಕ. ಪಕ್ಕದ ಕಲ್ಲಿನೊಡನೆ ಹೋಲಿಸಿ ನೋಡಲೆಂದು ಅದನ್ನು ಯಾರೂ ಕಡೆಸಲಿಲ್ಲ. ಅವುಗಳನ್ನು ಸಂಕಲನವನ್ನಾಗಿ ಮಾಡಿದುದು ಕಾಲ. ಅನಂತರ ಕಲ್ಲುಗಳನ್ನು ದೇವಾಲಯಗಳ ಆವರಣಗಳಲ್ಲಿ ಸಾಲಾಗಿ ನಿಲ್ಲಿಸಿದ ಪುರಾತತ್ವ ಇಲಾಖೆ. ಆದರೂ ಹೋಲಿಕೆಯಿಂದ ಪ್ರಯೋಜನವುಂಟು. ಚಿತ್ರಕಥೆಯನ್ನು ಓದುವವನು ಕೇಳುವ ಪ್ರಶ್ನೆಗಳನ್ನು, ಎಂದರೆ ಎಲ್ಲಿಂದ ಓದಬೇಕು, ಚೌಕ ಚೌಕಗಳ ನಡುವೆ ಏನು ನಡೆಯಿತು, ಅಕ್ಷರ ಎಲ್ಲಿದೆ, ಕೈ ಯಾರದು ಎಂಬುವನ್ನು, ನಾವು ಈ ಕಲ್ಲುಗಳಿಗೆ ಇದುವರೆಗೆ ಸಾಕಷ್ಟು ಕೇಳಿಲ್ಲ.

ಕೇಳದಿರುವುದಕ್ಕೆ ಕಾರಣವೂ ಇದೆ. ಈ ಸೀಮೆಯ ಕಲ್ಲುಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು ಅಕ್ಷರಗಳ ಮೂಲಕ. ಮೈಸೂರು ಸಂಸ್ಥಾನದ ಶಾಸನಗಳ ಛಾಯಾಚಿತ್ರಗಳನ್ನು ಮೇಜರ್ ಡಿಕ್ಸನ್ ಅವರು ೧೮೬೫ರಲ್ಲಿ ಸಿದ್ಧಪಡಿಸಿದಾಗ ಬಳ್ಳಿಗಾವೆಯ ಕಲ್ಲುಗಳೂ ಅವುಗಳಲ್ಲಿ ಸೇರಿದ್ದವು. ಆ ಚಿತ್ರಗಳ ಆಧಾರದಿಂದಲೇ ಬಿ. ಎಲ್. ರೈಸ್ ಅವರು ೧೮೭೯ರಲ್ಲಿ ತಮ್ಮ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥವನ್ನು ಹೊರತಂದರು. ಅಂದರೆ ಕ್ಯಾಮರಾ ಎಂಬ ಯಂತ್ರ ನಮ್ಮ ಹಳ್ಳಿಗಳಿಗೆ ಬಂದಾಗಲೂ ಅದನ್ನು ಹಿಡಿದುದು ಅಕ್ಷರಗಳ ಕಡೆಗೆ. ಮುಂದೆ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟ ೧೯೦೨ರಲ್ಲಿ ಶಿಕಾರಿಪುರ ತಾಲೂಕಿನ ಮುನ್ನೂರಕ್ಕೂ ಮಿಕ್ಕ ಶಾಸನಗಳನ್ನೂ, ಎಂಟನೆಯ ಸಂಪುಟ ೧೯೦೪ರಲ್ಲಿ ಸೊರಬ ತಾಲೂಕಿನ ಐನೂರಕ್ಕೂ ಮಿಕ್ಕ ಶಾಸನಗಳನ್ನೂ ಬೆಳಕಿಗೆ ತಂದವು. ಇಷ್ಟು ಚಿಕ್ಕ ಪ್ರದೇಶದಿಂದ ಇಷ್ಟೊಂದು ಶಾಸನಗಳು ದೊರೆತುದು ಸಾಮಾನ್ಯ ಸಂಗತಿಯಲ್ಲ. ರೈಸ್ ಅವರ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ಆ ಸಂಪುಟಗಳಿಲ್ಲದೆ ಬನವಾಸಿನಾಡಿನ ಇತಿಹಾಸದ ಒಂದು ಪುಟವನ್ನೂ ಬರೆಯಲಾಗುತ್ತಿರಲಿಲ್ಲ. ಆದರೆ ಅವುಗಳಲ್ಲಿ ವೀರಗಲ್ಲಿನ ಪಾಠವಿದೆ, ವೀರಗಲ್ಲಿಲ್ಲ. ಪದ್ಯವೂ ಗದ್ಯವೂ ಒಂದರ ಕೆಳಗೊಂದು ಮುದ್ರಿತವಾಗಿವೆ; ಯಾವ ಸಾಲು ಯಾವ ಚಿತ್ರದ ಮೇಲಿತ್ತು, ಯಾವುದರ ಕೆಳಗಿತ್ತು ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಅಕ್ಷರವಿಲ್ಲದ ಕಲ್ಲಂತೂ ಆ ಲೆಕ್ಕಕ್ಕೇ ಬರಲಿಲ್ಲ.

ಮೊದಲು ಕಲ್ಲಿನ ರಚನೆಯನ್ನು ನೋಡೋಣ. ಕಲ್ಯಾಣದ ಚಾಲುಕ್ಯರ ಕಾಲದಿಂದ ಈಚೆಗೆ ಈ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಮೂರು ಹಂತದ ವೀರಗಲ್ಲು. ಕೆಳಗಿನ ಹಂತದಲ್ಲಿ ಕಾಳಗ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ತೋಳುಗಳಲ್ಲಿ ಎತ್ತಿಕೊಂಡೋ ವಿಮಾನದಲ್ಲಿ ಕುಳ್ಳಿರಿಸಿಕೊಂಡೋ ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಹಂತದಲ್ಲಿ ವೀರನು ಕೈಲಾಸವನ್ನು ಸೇರಿ ಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಪೂಜಾರಿಯೂ ನಂದಿಯೂ ಜೊತೆಗಿರುತ್ತಾರೆ. ವೀರನು ಜೈನನಾಗಿದ್ದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬವಿರುತ್ತದೆ. ನೆತ್ತಿಯ ಮೇಲೆ ಸೂರ್ಯಚಂದ್ರರು. ಬಳ್ಳಿಗಾವೆಯಂತಹ ಸಿರಿವಂತ ಪಟ್ಟಣಗಳಲ್ಲಿ ಆಳೆತ್ತರವನ್ನು ಮೀರಿದ, ನಾಲ್ಕೈದು ಹಂತಗಳಿರುವ ಕಲ್ಲುಗಳೂ ಉಂಟು. ಹಂತ ಹಂತಗಳ ನಡುವೆ ಉಬ್ಬಿದ ಪಟ್ಟಿಗಳಿವೆ; ಶಾಸನವನ್ನು ಕೊರೆಯುವುದು ಈ ಪಟ್ಟಿಗಳ ಮೇಲೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಬಳ್ಳಿಗಾವೆಗೆ ಕರೆದೊಯ್ದಾಗ, ಏನನ್ನೂ ವಿವರಿಸದೆ, ಕೇದಾರೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಲ್ಲಿನ ಮುಂದೆ ನಿಲ್ಲಿಸಿ ‘ಕಥೆ ಹೇಳಿ’ ಎಂದೆ. ಎಲ್ಲರೂ ಮೇಲಿನಿಂದ ಆರಂಭಿಸಿದರು. ಅವರ ಕಥೆಯಲ್ಲಿ ಒಬ್ಬ ಭಕ್ತನು ಶಿವನನ್ನು ಪೂಜಿಸಿ, ವಿಮಾನದಲ್ಲಿ ಕೆಳಗಿಳಿದು ಬಂದು, ಶತ್ರುಗಳನ್ನು ಕೊಂದನು. ಕಥೆ ಚೆನ್ನಾಗಿಯೇ ಇತ್ತು. ಸತ್ತವನು ಮಾತ್ರ ಯಾರೂ ಇರಲಿಲ್ಲ. ನಗಬೇಕಾದ ತಪ್ಪಲ್ಲ ಅದು. ಪುಸ್ತಕವನ್ನು ಓದಿ ಅಭ್ಯಾಸವಾದ ಕಣ್ಣು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ವೀರಗಲ್ಲನ್ನು ನೆಲದಿಂದ ಮೇಲಕ್ಕೆ ಓದಬೇಕು. ಸತ್ತವನು ಏರುತ್ತಾನೆ, ಕಣ್ಣೂ ಅವನೊಡನೆ ಏರಬೇಕು.

ಇಲ್ಲೊಂದು ವಿಶೇಷವಿದೆ. ಚಿತ್ರ ಕೆಳಗಿನಿಂದ ಮೇಲಕ್ಕೆ ಸಾಗಿದರೆ ಶಾಸನದ ಪಾಠ ಸಾಮಾನ್ಯವಾಗಿ ಮೇಲಿನ ಪಟ್ಟಿಯಿಂದ ಕೆಳಕ್ಕೆ ಬರುತ್ತದೆ. ಮೇಲೆ ದೇವತಾಸ್ತುತಿ, ಆಳುವ ದೊರೆಯ ಬಿರುದಾವಳಿ. ಆಮೇಲೆ ಮಾಂಡಲಿಕ, ನಾಡು, ಊರು, ಶಕವರ್ಷ, ತಿಥಿ, ವಾರ. ಕಟ್ಟಕಡೆಗೆ ವೀರನ ಹೆಸರು, ಅವನು ಮಾಡಿದ ಕಾರ್ಯ. ಶಾಸನವನ್ನು ರಚಿಸಿದವನು ಸ್ವರ್ಗದಿಂದಲೂ ಸಿಂಹಾಸನದಿಂದಲೂ ಹೊರಟು ಹಳ್ಳಿಯವರೆಗೆ ಇಳಿಯುತ್ತಾನೆ. ರೂವಾರಿಯಾದರೋ ಹಳ್ಳಿಯ ಗದ್ದೆಬಯಲಿನಿಂದ ಹೊರಟು ಸ್ವರ್ಗಕ್ಕೆ ಏರುತ್ತಾನೆ. ಒಂದೇ ಕಲ್ಲಿನ ಮೇಲೆ ಇಬ್ಬರು ಕಥೆಗಾರರು ಎದುರುಬದುರಾಗಿ ನಡೆದುಬಂದಿದ್ದಾರೆ. ರಾಜಕೀಯ ಇತಿಹಾಸವನ್ನು ಬರೆಯುವ ನಾವು ಮೊದಲಿನವನ ಹಿಂದೆ ಮಾತ್ರ ಹೋಗಿ, ಅವನು ದೊರೆಯ ಬಿರುದುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಟಿಪ್ಪಣಿಯನ್ನೂ ಮುಗಿಸಿ ಹಿಂದಿರುಗಿದ್ದೇವೆ.

ಇನ್ನೂ ಒಂದು ಮಾತನ್ನು ಗಮನಿಸಬೇಕು. ಕೆಳಗಿನ ಹಂತದಲ್ಲಿ ವೀರನು ಬಹುಮಟ್ಟಿಗೆ ನಿಂತೇ ಇರುತ್ತಾನೆ. ಎದುರಾಳಿಗಳಿಗಿಂತ ದೊಡ್ಡವನಾಗಿ, ಬಿಲ್ಲನ್ನು ಸೆಳೆದೋ ಕತ್ತಿಗುರಾಣಿಗಳನ್ನು ಹಿಡಿದೋ ಮುನ್ನುಗ್ಗುತ್ತಿರುತ್ತಾನೆ. ಕಾಲಕೆಳಗೆ ಬಿದ್ದವರು ವೈರಿಗಳು. ಎರಡನೆಯ ಹಂತಕ್ಕೆ ಬಂದರೆ ಅವನು ಆಗಲೇ ಅಪ್ಸರೆಯರ ನಡುವೆ ಇದ್ದಾನೆ. ಹಾಗಾದರೆ ಸತ್ತುದು ಎಲ್ಲಿ? ಎರಡು ಹಂತಗಳ ನಡುವಣ ಪಟ್ಟಿಯಲ್ಲಿ. ಚಿತ್ರಕಥೆಯಲ್ಲಿ ಒಂದು ಚೌಕದಿಂದ ಮತ್ತೊಂದಕ್ಕೆ ದಾಟುವಾಗ ನಡುವಣ ತೆರವಿನಲ್ಲಿ ನಡೆದುದನ್ನು ಓದುಗನೇ ಊಹಿಸಿಕೊಳ್ಳುತ್ತಾನಷ್ಟೆ. ವೀರಗಲ್ಲಿನ ರೂವಾರಿ ಸಾವನ್ನು ಆ ತೆರವಿಗೆ ಬಿಟ್ಟಿದ್ದಾನೆ. ಶಾಸನವಿರುವ ಕಲ್ಲುಗಳಲ್ಲಿ ಅಕ್ಷರಗಳು ಕುಳಿತಿರುವುದೂ ಅಂತಹ ತೆರವಿನಲ್ಲಿಯೇ. ತೋರಿಸಲಾಗದುದನ್ನು, ಅಥವಾ ತೋರಿಸಬಾರದೆಂದು ಬಗೆದುದನ್ನು, ಮಾತು ಹೊತ್ತಿದೆ. ಇರಿದನು, ಸತ್ತನು, ಸುರಲೋಕವನ್ನು ಸೇರಿದನು ಎಂದು ಶಾಸನ ಹೇಳುತ್ತದೆ. ಮೊದಲನೆಯದನ್ನೂ ಮೂರನೆಯದನ್ನೂ ಚಿತ್ರ ತೋರಿಸುತ್ತದೆ. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಆದರೆ ಈ ಹಂಚಿಕೆಯನ್ನು ಅರಿಯದೆ ಪಾಠವನ್ನು ಮಾತ್ರ ಬೇರ್ಪಡಿಸಿ ಓದುವುದೆಂದರೆ ಇಬ್ಬರು ಆಡಿದ ಸಂವಾದದಲ್ಲಿ ಒಬ್ಬನ ಮಾತನ್ನಷ್ಟೇ ಬರೆದುಕೊಂಡಂತೆ.

ಈ ಮೂರು ಹಂತಗಳ ವ್ಯವಸ್ಥೆ ಮೊದಲಿನಿಂದಲೂ ಇದ್ದುದಲ್ಲ. ಕರ್ನಾಟಕದ ದಕ್ಷಿಣಭಾಗದ ಗಂಗರ ಕಾಲದ ಕಲ್ಲುಗಳನ್ನು ಇವುಗಳ ಜೊತೆಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂಬತ್ತನೆಯ ಶತಮಾನದ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗರಾಜ ನೀತಿಮಾರ್ಗನು ಮಂಚದ ಮೇಲೆ ಮಲಗಿರುವ ಒಂದೇ ದೃಶ್ಯವಿದೆ. ಸ್ವಾಮಿನಿಷ್ಠನಾದ ಅಗರಯ್ಯನು ಅವನನ್ನು ಆತುಕೊಂಡಿದ್ದಾನೆ. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ಕಲ್ಲಿನಲ್ಲಿ ಇಡೀ ರಣರಂಗವೇ ಒಂದು ಹಾಸಿನಲ್ಲಿ ಕಿಕ್ಕಿರಿದಿದೆ: ಆನೆ, ಕುದುರೆ, ಬಿದ್ದ ದೇಹಗಳು ಎಲ್ಲವೂ ಏಕಕಾಲಕ್ಕೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಾಲ ಕ್ರಿ.ಶ. ೯೪೯-೫೦, ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ಚೋಳ ರಾಜಾದಿತ್ಯ ಇವರ ಮಹಾಯುದ್ಧದ ವಿಚಾರವನ್ನು ಅದರ ಶಾಸನ ಹೇಳಿದರೂ ಚಿತ್ರದಲ್ಲಿರುವುದು ಕಾಳಿ ಎಂಬ ಬೇಟೆನಾಯಿ ಮತ್ತು ಹಂದಿ, ಪರಸ್ಪರ ಹೋರಾಡಿ ಎರಡೂ ಸತ್ತವು. ಸಾಮ್ರಾಜ್ಯಗಳ ಕಥೆ ಅಕ್ಷರಕ್ಕೆ, ನಾಯಿಯ ಕಥೆ ಉಳಿಗೆ! ಈ ಕಲ್ಲುಗಳಲ್ಲಿ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸುವ ರೀತಿ ಕಾಣುತ್ತದೆ. ಬನವಾಸಿನಾಡಿನ ಮೂರು ಹಂತದ ಕಲ್ಲು ಗಳಿಗೆಯಿಂದ ಗಳಿಗೆಗೆ ಸಾಗುತ್ತದೆ. ಇದು ಬರಿಯ ಅಲಂಕಾರದ ವ್ಯತ್ಯಾಸವಲ್ಲ, ಕಥೆ ಹೇಳುವ ಕ್ರಮದಲ್ಲಿಯೇ ಆದ ಬದಲಾವಣೆ.

ಇಂತಹ ಕಲ್ಲುಗಳು ಈ ಸೀಮೆಯಲ್ಲಿ ಇಷ್ಟು ದಟ್ಟವಾಗಿರಲು ಭೂಗೋಳವೇ ಅರ್ಧ ಉತ್ತರವನ್ನು ಕೊಡುತ್ತದೆ. ಮಲೆನಾಡಿನ ಕಾಡು ಮುಗಿದು ಬಯಲು ಆರಂಭವಾಗುವ ಅಂಚು ಇದು. ಕೆರೆಗಳೂ ಗದ್ದೆಗಳೂ ಹುಲ್ಲುಗಾವಲುಗಳೂ ಒತ್ತೊತ್ತಾಗಿವೆ, ದನಕರುಗಳೇ ಸಂಪತ್ತು. ಬನವಾಸಿ ಹನ್ನೆರಡು ಸಾವಿರದ ಒಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮೊದಲಾದ ಕಿರುನಾಡುಗಳಿದ್ದವು. ಒಂದು ಕಡೆ ಹಾನಗಲ್ಲಿನ ಕದಂಬರು, ಇನ್ನೊಂದು ಕಡೆ ಸಾಂತಳಿಗೆ ಸಾವಿರದ ಸಾಂತರರು. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಚಾಲುಕ್ಯರಿಂದ ಕಳಚುರ್ಯರಿಗೆ, ಮುಂದೆ ಹೊಯ್ಸಳರಿಗೂ ಸೇವುಣರಿಗೂ ಈ ನೆಲ ಕೈಬದಲಾಗುತ್ತಿತ್ತು. ತುರುಗೊಳ್, ಊರಳಿವು, ಪೆಣ್ಬುಯ್ಯಲ್, ಗಡಿಗಾಳಗ ಎಂದು ಶಾಸನಗಳು ಹೆಸರಿಸುವ ದುರಂತಗಳು ಇಂತಹ ಗಡಿನಾಡಿನ ದಿನಚರಿಯೇ ಆಗಿದ್ದುವೆನ್ನಬೇಕು. ಎಂ. ಚಿದಾನಂದಮೂರ್ತಿ ಅವರು ೧೯೬೬ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇವುಗಳ ಸಾಮಾಜಿಕ ಅರ್ಥವನ್ನು ವಿಶದಪಡಿಸಿದ್ದಾರೆ. ೧೯೮೨ರಲ್ಲಿ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಹೊರಬಂದಿತು. ಅದೇ ವರ್ಷ ಷ. ಶೆಟ್ಟರ್ ಮತ್ತು ಸೊಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥ ಧಾರವಾಡದಿಂದ ಪ್ರಕಟವಾಯಿತು. ಅವುಗಳಿಂದ ಕಲ್ಲುಗಳ ವರ್ಗೀಕರಣ ಗಟ್ಟಿಯಾಯಿತು. ವರ್ಗದೊಳಗಿನ ವ್ಯಕ್ತಿಗಳ ವಿಚಾರ ಇನ್ನೂ ಉಳಿದಿದೆ.

ವ್ಯಕ್ತಿಗಳೆಂದರೆ ಇಲ್ಲಿ ವೀರರಲ್ಲ, ರೂವಾರಿಗಳು. ಸಾಲುಸಾಲಾಗಿ ಕಲ್ಲುಗಳನ್ನು ನೋಡಿಕೊಂಡು ಹೋದರೆ ಕೆಲವು ಅಂಶಗಳು ಮನಸ್ಸಿಗೆ ಬರುತ್ತವೆ. ಮೇಲಿನ ಎರಡು ಹಂತಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಸ್ವರ್ಗವನ್ನು ಯಾರೂ ಕಂಡವರಲ್ಲವಾದ್ದರಿಂದ ಅದರ ಚಿತ್ರದಲ್ಲಿ ಎಲ್ಲರೂ ಒಂದೇ ಸಂಪ್ರದಾಯವನ್ನು ಅನುಸರಿಸಿದರು. ಭೂಮಿಯ ಹಂತ ಹಾಗಲ್ಲ. ಹಸುಗಳನ್ನೇ ನೋಡಿ: ಒಬ್ಬನು ಮೂಲೆಯಲ್ಲಿ ಎರಡು ಹಸುಗಳನ್ನು ಕಡೆದು ‘ಇದು ತುರುಗಾಳಗ’ ಎಂಬ ಸೂಚನೆಯನ್ನಷ್ಟೇ ಕೊಟ್ಟು ಮುಂದೆ ಹೋಗುತ್ತಾನೆ. ಮತ್ತೊಬ್ಬನು ಒಂದರ ಹಿಂದೆ ಒಂದನ್ನು ಜೋಡಿಸಿ, ಕೋಡು ಕಿವಿಗಳನ್ನು ಬಿಡಿಸಿ, ಮಂದೆಯೇ ಓಡುತ್ತಿರುವಂತೆ ಮಾಡುತ್ತಾನೆ. ಒಬ್ಬನ ಕುದುರೆ ಮರದ ಆಟಿಕೆಯಂತಿದ್ದರೆ ಇನ್ನೊಬ್ಬನ ಕುದುರೆಯ ಕೊರಳು ಬಿಗಿದಿರುತ್ತದೆ. ಪೆಣ್ಬುಯ್ಯಲಿನ ಕಲ್ಲುಗಳಲ್ಲಿ ಹೆಂಗಸಿನ ರೂಪ ಎಲ್ಲಿ ನಿಂತಿದೆ, ಯಾವ ಅಳತೆಯಲ್ಲಿದೆ ಎಂಬುದನ್ನು ಗಮನಿಸಿದರೆ ಕಡೆದವನ ಮನೋಧರ್ಮ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಹಸಿರು ಛಾಯೆಯ ಬಳಪದ ಕಲ್ಲು ದೊರೆತ ಕಡೆ ಉಳಿ ಸೂಕ್ಷ್ಮಕ್ಕೆ ಇಳಿದಿದೆ. ಒರಟು ಕಲ್ಲಿನಲ್ಲಿ ರೂಪಗಳು ದುಂಡಾಗಿ, ಕಡಮೆಯಾಗಿ, ಕೆಲವೊಮ್ಮೆ ಅದರಿಂದಲೇ ಹೆಚ್ಚು ಬಲವಾಗಿ ಮೂಡಿವೆ. ಪಟ್ಟಣದ ನಯವೇ ಮೇಲೆಂದು ನಾವು ಎಣಿಸುವುದು ವಾಡಿಕೆ. ಸೊರಬ ಕಡೆಯ ಹಳ್ಳಿಗಳ ಕೆಲವು ಒರಟು ಕಲ್ಲುಗಳಲ್ಲಿರುವ ರಭಸ ಬಳ್ಳಿಗಾವೆಯ ಎಷ್ಟೋ ನಯವಾದ ಕಲ್ಲುಗಳಲ್ಲಿ ಇಲ್ಲವೆಂಬುದು ನನ್ನ ಅಭಿಪ್ರಾಯ.

ಈ ರೂವಾರಿಗಳ ಹೆಸರುಗಳು? ಬಳ್ಳಿಗಾವೆಯ ಶಿಲ್ಪಿಗಳಲ್ಲಿ ನಮಗೆ ಚೆನ್ನಾಗಿ ಪರಿಚಿತನಾದ ದಾಸೋಜನ ಹೆಸರು ಸಿಗುವುದು ಬಳ್ಳಿಗಾವೆಯಲ್ಲಲ್ಲ, ಬೇಲೂರಿನಲ್ಲಿ. ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಬಳ್ಳಿಗ್ರಾಮೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬರೆದುಕೊಂಡಿದ್ದಾರೆ. ಹೊಯ್ಸಳರ ರಾಜಧಾನಿಗೆ ಕರೆಸಿಕೊಳ್ಳುವಷ್ಟು ಕೀರ್ತಿ ಪಡೆದ ಶಿಲ್ಪಿಗಳನ್ನು ಬೆಳೆಸಿದ ಊರು ಬಳ್ಳಿಗಾವೆ ಎಂಬುದಕ್ಕೆ ಇದು ಪ್ರಬಲವಾದ ಸಾಕ್ಷ್ಯ. ಮದನಿಕೆಯ ಕೆಳಗೆ ಹೆಸರು ಬರೆದವರು ವೀರಗಲ್ಲಿನ ಕೆಳಗೆ ಬರೆಯುವ ಸಂದರ್ಭ ತೀರ ವಿರಳ. ಸ್ಮಾರಕದ ಮೇಲೆ ಇರಬೇಕಾದ ಹೆಸರು ಸತ್ತವನದು ಎಂಬ ಮರ್ಯಾದೆ ಇದಕ್ಕೆ ಕಾರಣವಿರಬಹುದು. ಇದೇ ತಾಲೂಕಿನ ತಾಳಗುಂದದ ಸ್ತಂಭಶಾಸನವನ್ನು ಇಲ್ಲಿ ನೆನೆಯಬೇಕು. ಐದನೆಯ ಶತಮಾನದ ಆ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜನು ತಾನೇ ಅದನ್ನು ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಕವಿಯೂ ಬರೆದವನೂ ಒಬ್ಬನೇ ಆದ ಆ ಸ್ತಂಭದಿಂದ ಕೆಲವೇ ಮೈಲಿಗಳ ದೂರದ ಬಳ್ಳಿಗಾವೆಯಲ್ಲಿ, ಆರು ಶತಮಾನಗಳ ಅನಂತರ, ಕಥೆಯನ್ನು ಕಡೆದವನ ಹೆಸರೇ ಇಲ್ಲದ ನೂರಾರು ಕಥೆಗಳು ನಿಂತವು.

ಬಳ್ಳಿಗಾವೆಯಲ್ಲಿ ಸ್ಮಾರಕವಲ್ಲದ ಚಿತ್ರಕಥೆಯೂ ಇದೆ. ಹನ್ನೊಂದನೆಯ ಶತಮಾನದ ತ್ರಿಪುರಾಂತಕೇಶ್ವರ ದೇವಾಲಯದ ಹೊರಮೈಯ ಶಿಲ್ಪಪಟ್ಟಿಗಳಲ್ಲಿ ಪಂಚತಂತ್ರದ ಕಥೆಗಳು ಮೂಡಿವೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಕನ್ನಡ ‘ಪಂಚತಂತ್ರ’ವನ್ನು ೧೦೩೧ರಲ್ಲಿ ಮುಗಿಸಿದನು. ಆ ಗ್ರಂಥವನ್ನು ನೋಡಿಯೇ ಶಿಲ್ಪಿಗಳು ಕಡೆದರೆಂದು ಹೇಳಲು ಆಧಾರ ಬೇಕು. ಆದರೆ ಒಂದೇ ರಾಜ್ಯದಲ್ಲಿ, ಸುಮಾರಾಗಿ ಒಂದೇ ತಲೆಮಾರಿನಲ್ಲಿ, ಆ ಕಥೆಗಳು ಓಲೆಯ ಮೇಲೂ ಕಲ್ಲಿನ ಮೇಲೂ ಬಂದುವೆಂಬುದು ಗಮನಾರ್ಹ. ನಮ್ಮ ಪ್ರಶ್ನೆಗೆ ಇಲ್ಲಿ ಮುಖ್ಯವಾದುದು ಬೇರೆ. ಈ ಪಟ್ಟಿಗಳಿಗೆ ವೀರಗಲ್ಲಿನಂತಹ ಶಾಸನದ ಸಹಾಯ ಬೇಕಾಗಿಲ್ಲ. ಪ್ರಾಣಿಗಳ ಕಥೆ ನೋಡುವವರಿಗೆ ಮೊದಲೇ ಗೊತ್ತು. ಚಿತ್ರ ನೆನಪಿಸಿದರೆ ಸಾಕು. ಮೂರು ಶತಮಾನಗಳಷ್ಟು ಹಿಂದೆ ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಗಳಲ್ಲಿ ರಾಮಾಯಣವನ್ನು ಕಡೆದವರು ಪಾತ್ರಗಳ ಪಕ್ಕದಲ್ಲಿ ಹೆಸರುಗಳನ್ನು ಬರೆದರು. ರೇವಡಿ ಓವಜ್ಜನೆಂಬ ಶಿಲ್ಪಿ ತನ್ನ ಹೆಸರನ್ನೂ ಉಳಿಸಿದನು. ಗೊತ್ತಿರುವ ಕಥೆಗೂ ಅಲ್ಲಿ ಅಕ್ಷರ ಬಂದಿತು. ಬಳ್ಳಿಗಾವೆಯಲ್ಲಿ ಚಿತ್ರ ಒಂಟಿಯಾಗಿ ನಿಲ್ಲುವ ಧೈರ್ಯ ಮಾಡಿದೆ.

ಇದಕ್ಕೆ ವಿರುದ್ಧವಾಗಿ, ಮಾತು ಮಾತ್ರ ಹೇಳಬಲ್ಲ ಕಥೆಯೂ ಅದೇ ಊರಿನಲ್ಲಿದೆ. ಚಾವುಂಡರಾಯರಸನು ೧೦೪೭ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭ ಎಲ್ಲರಿಗೂ ತಿಳಿದುದೇ. ಅದಾದ ಸ್ವಲ್ಪ ಕಾಲಕ್ಕೆ ತುಳುವ ಚಂಡಿಗನೆಂಬವನು ತನ್ನ ಪ್ರತಿಜ್ಞೆಗಾಗಿ ಆ ಸ್ತಂಭವನ್ನೇರಿ, ಕೆಳಗೆ ನೆಟ್ಟ ಈಟಿಗಳ ಮೊನೆಗಳ ಮೇಲೆ ಹಾರಿ ಪ್ರಾಣವನ್ನು ಬಿಟ್ಟನೆಂದು ಶಾಸನವೊಂದು ಹೇಳುತ್ತದೆ. ಕಂಬ ಇಂದಿಗೂ ಮೂವತ್ತು ಅಡಿಗಳನ್ನು ಮೀರಿ ನಿಂತಿದೆ. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವನಿಗೆ ಬೇರೆ ಚಿತ್ರ ಬೇಕಾಗುವುದಿಲ್ಲ.

ಕಥೆ ಹೇಳುವ ಮತ್ತೊಂದು ರೀತಿಯನ್ನು ಸೊರಬ ತಾಲೂಕಿನ ಹಿರೇ ಆವಲಿಯಲ್ಲಿ ಕಾಣಬಹುದು. ವಿಜಯನಗರದ ಕಾಲದ, ಬಹುಪಾಲು ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳ, ಜೈನ ನಿಷಿಧಿಗಲ್ಲುಗಳ ದೊಡ್ಡ ಸಮೂಹ ಅಲ್ಲಿದೆ. ಗೌಡರೂ ಅವರ ಮನೆಯ ಹೆಂಗಸರೂ ಸಮಾಧಿಮರಣವನ್ನು ಹೊಂದಿದುದಕ್ಕೆ ನಿಲ್ಲಿಸಿದ ಕಲ್ಲುಗಳು ಇವು. ಇಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ. ಕೆಳಗೆ ಗುರುವಿನ ಎದುರಿನಲ್ಲಿ, ಗ್ರಂಥಪೀಠದ ಪಕ್ಕದಲ್ಲಿ, ಕೈಮುಗಿದು ಕುಳಿತ ವ್ಯಕ್ತಿ. ಮೇಲೆ ಮುಕ್ಕೊಡೆಯ ಕೆಳಗೆ ಜಿನ. ಸಾಯುತ್ತಿರುವವರು ಕೇಳಿಸಿಕೊಳ್ಳುತ್ತಿದ್ದಾರೆ, ಅಷ್ಟೆ. ವೀರಗಲ್ಲಿನಲ್ಲಿ ಕ್ಷಣದಲ್ಲಿ ಬಂದ ಸಾವು ಎರಡು ಹಂತಗಳ ನಡುವೆ ಅಡಗಿದ್ದರೆ, ಇಲ್ಲಿ ದಿನಗಟ್ಟಲೆ ನಡೆದ ಸಾವೇ ಚಿತ್ರದ ವಸ್ತು. ಶೆಟ್ಟರ್ ಅವರು ೧೯೮೯ ಮತ್ತು ೧೯೯೦ರ ತಮ್ಮ ಎರಡು ಗ್ರಂಥಗಳಲ್ಲಿ ಜೈನರ ಮರಣಸಂಕಲ್ಪವನ್ನು ಕುರಿತು ಆಳವಾಗಿ ಬರೆದಿದ್ದಾರಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮಾಸ್ತಿಕಲ್ಲಿನದು ಇನ್ನೂ ಬೇರೆಯ ರೀತಿ: ಕಂಬದಿಂದ ಹೊರಟ, ಬಳೆ ತೊಟ್ಟ ಒಂದು ತೋಳು. ಅಲ್ಲಿ ಘಟನೆಗಳ ಸರಣಿಯೇ ಇಲ್ಲ. ಹೆಣ್ಣಿನ ಬಾಳು ಒಂದು ಚಿಹ್ನೆಯಾಗಿ ಕುಗ್ಗಿದೆ. ಗಂಡನ ಕಲ್ಲಿಗೆ ಮೂರು ಹಂತದ ಕಥೆ, ಹೆಂಡತಿಯ ಕಲ್ಲಿಗೆ ಒಂದು ಕೈ! ಯಾರಿಗೆ ಕಥೆಯನ್ನು ಕೊಡಬೇಕು, ಯಾರಿಗೆ ಗುರುತನ್ನಷ್ಟೇ ಕೊಡಬೇಕು ಎಂಬ ಸಮಾಜದ ತೀರ್ಮಾನ ಇಲ್ಲಿ ಕಲ್ಲಿನಲ್ಲಿಯೇ ಕಾಣುತ್ತದೆ. ಇದನ್ನು ಶಾಸನಪಾಠದಿಂದ ಮಾತ್ರ ತಿಳಿಯಲಾಗುತ್ತಿರಲಿಲ್ಲ.

ಈಗ ಅಕ್ಷರವಿಲ್ಲದ ವೀರಗಲ್ಲುಗಳ ಪ್ರಶ್ನೆಗೆ ಬರೋಣ. ಶಾಸನವನ್ನು ಬರೆಯಿಸಲು ಪಂಡಿತ ಬೇಕು, ಲಿಪಿಕಾರ ಬೇಕು, ಖರ್ಚಿಗೆ ಹಣವೂ ಬೇಕು. ಬಡವನ ಮನೆಯವರು ಚಿತ್ರವನ್ನು ಮಾತ್ರ ಕಡೆಸಿದರೆಂದು ಊಹಿಸುವುದು ಸಹಜ. ಆದರೆ ಬಡತನವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ಪಂಚತಂತ್ರದ ಪಟ್ಟಿಗಳ ವಿಷಯದಲ್ಲಿ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಗೊತ್ತಿರುವ ಕಥೆಗೆ ಅಕ್ಷರ ಬೇಡ. ಕಾಳಗ ನಡೆದ ಗದ್ದೆಯ ಅಂಚಿನಲ್ಲಿ, ಸತ್ತವನ ಮನೆಯವರು ದಿನವೂ ನಡೆದಾಡುವ ದಾರಿಯಲ್ಲಿ ಕಲ್ಲು ನಿಂತಿರುವಾಗ ಇವನು ಯಾರೆಂದು ಬರೆಯುವ ಅಗತ್ಯ ಊರಿನವರಿಗೆ ಇರಲಿಲ್ಲ. ಹೆಸರನ್ನು ಹೊತ್ತುದು ಸ್ಥಳ. ಅಕ್ಷರವುಳ್ಳ ಕಲ್ಲನ್ನು ಎಲ್ಲಿಗೆ ಒಯ್ದರೂ ಅದು ತನ್ನ ಕಥೆಯ ಅರ್ಧವನ್ನಾದರೂ ಹೇಳುತ್ತದೆ. ಅಕ್ಷರವಿಲ್ಲದ ಕಲ್ಲು ತನ್ನ ಜಾಗದಿಂದ ಕದಲಿದೊಡನೆ ಮೂಕವಾಗುತ್ತದೆ.

ಅಂತಹ ಕಲ್ಲುಗಳು ಕದಲುತ್ತಲೇ ಇವೆ. ರಸ್ತೆ ಅಗಲವಾಗುವಾಗ, ಕೆರೆಯ ಏರಿಯನ್ನು ದುರಸ್ತಿ ಮಾಡುವಾಗ, ದೇವಾಲಯದ ಜೀರ್ಣೋದ್ಧಾರವಾಗುವಾಗ ಅವುಗಳನ್ನು ಕಿತ್ತು ಒಂದು ಬದಿಗೆ ಒರಗಿಸುತ್ತಾರೆ. ಸದುದ್ದೇಶದಿಂದಲೇ ದೇವಾಲಯದ ಅಂಗಳಕ್ಕೂ ವಸ್ತುಸಂಗ್ರಹಾಲಯಕ್ಕೂ ಸಾಗಿಸುವುದುಂಟು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ನಿಂತಿರುವ ಕಲ್ಲುಗಳು ಕಳ್ಳರಿಂದಲೂ ಕಲ್ಲುಕುಟಿಗರಿಂದಲೂ ಉಳಿದಿವೆ. ಅದು ದೊಡ್ಡ ಲಾಭ. ಸಾಲಾಗಿ ನಿಂತ ಕಲ್ಲುಗಳು ನಮಗೆ ಹೋಲಿಕೆಯ ಸೌಕರ್ಯವನ್ನು ಕೊಡುತ್ತವೆಂಬುದೂ ನಿಜ. ಈ ಲೇಖನದ ಮುಕ್ಕಾಲು ಪಾಲು ಅಂತಹ ಸಾಲುಗಳ ಮುಂದೆ ನಿಂತು ಯೋಚಿಸಿದುದೇ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಸಂಕಲನಕ್ಕೆ ಸೇರಿದ ಕಥೆ ತನ್ನ ಮೊದಲಿನ ಓದುಗರನ್ನು ಕಳೆದುಕೊಂಡಿರುತ್ತದೆ.

ಆದ್ದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಕಲ್ಲುಗಳನ್ನು ದಾಖಲಿಸುವಾಗ ಕೆಲವು ಅಂಶಗಳನ್ನು ತಪ್ಪದೆ ಬರೆದುಕೊಳ್ಳಬೇಕೆಂದು ಸೂಚಿಸುತ್ತೇನೆ. ಕಲ್ಲು ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖಮಾಡಿದೆ, ಮೊದಲು ಬೇರೆಲ್ಲಾದರೂ ಇತ್ತೆ. ಎಷ್ಟು ಹಂತ, ಪ್ರತಿಯೊಂದು ಹಂತದಲ್ಲಿ ಏನೇನಿದೆ. ಅಕ್ಷರವಿದ್ದರೆ ಯಾವ ಸಾಲು ಯಾವ ಪಟ್ಟಿಯಲ್ಲಿದೆ. ಛಾಯಾಚಿತ್ರವನ್ನು ಓರೆಬಿಸಿಲಿನಲ್ಲಿ, ಬೆಳಗ್ಗೆ ಅಥವಾ ಸಂಜೆ, ತೆಗೆಯಬೇಕು. ನಡುಹಗಲಿನ ಬೆಳಕಿನಲ್ಲಿ ಉಬ್ಬುತಗ್ಗುಗಳು ಅಳಿಸಿಹೋಗುತ್ತವೆ. ಸಾಧ್ಯವಾದರೆ ಕೈಯಿಂದಲೂ ಬರೆದು ನೋಡಬೇಕು. ಚಿತ್ರವನ್ನು ಬರೆಯುವಾಗ ಕೈಗೆ ಸಿಕ್ಕುವ ವಿವರ ಕ್ಯಾಮರಾಕ್ಕೆ ಸಿಕ್ಕಿದರೂ ಕಣ್ಣಿಗೆ ಸಿಕ್ಕಿರುವುದಿಲ್ಲ. ಚಿತ್ರ ಬರೆಯಬಲ್ಲ ವಿದ್ಯಾರ್ಥಿಯೊಬ್ಬನು ತಂಡದಲ್ಲಿದ್ದರೆ ಹಳಗನ್ನಡ ಬಲ್ಲವನಷ್ಟೇ ಅವನೂ ಉಪಯುಕ್ತನು. ಸೊರಬ, ಸಾಗರಗಳಲ್ಲಿ ಗಂಧದ ಮರದ ಕೆತ್ತನೆಯನ್ನು ವಂಶಪರಂಪರೆಯಾಗಿ ನಡೆಸಿಕೊಂಡು ಬಂದ ಗುಡಿಗಾರರಿದ್ದಾರೆ. ಉಳಿ ಹಿಡಿದು ಬಲ್ಲ ಅಂತಹವರೊಬ್ಬರನ್ನು ಜೊತೆಗೆ ಕರೆದೊಯ್ದರೆ ಒಂದೇ ಕೈಯ ಕೆಲಸಗಳು ಯಾವುವು, ಎರಡು ಕೈಗಳು ಎಲ್ಲಿ ಕೂಡಿವೆ ಎಂಬುದನ್ನು ನಮಗಿಂತ ಬೇಗ ಗುರುತಿಸಿಯಾರು.

ಕೊನೆಯದಾಗಿ, ಆ ಹೊಲದ ಒಡೆಯರನ್ನು ಕೇಳುವುದನ್ನು ಮರೆಯಬಾರದು. ಎಷ್ಟೋ ಊರುಗಳಲ್ಲಿ ಇಂತಹ ಕಲ್ಲಿಗೆ ಬೀರನೆಂದೋ ಭೂತಪ್ಪನೆಂದೋ ಹೆಸರಿದೆ. ಹಬ್ಬದ ದಿನ ಎಣ್ಣೆ ಹಚ್ಚಿ ಕುಂಕುಮವನ್ನಿಟ್ಟು ಕಾಯಿ ಒಡೆಯುತ್ತಾರೆ. ಎಣ್ಣೆಯಿಂದ ಕಪ್ಪಾದ ಕಲ್ಲಿನಲ್ಲಿ ಕಾಳಗದ ಹಂತ ಮಸುಕಾಗಿ, ವಿದ್ವಾಂಸನಿಗೆ ಬೇಸರವಾಗುವುದುಂಟು. ಆದರೆ ಆ ಮನೆಯ ಹಿರಿಯರು ‘ಇವನು ನಮ್ಮ ದನ ಕಾಯಲು ಹೋಗಿ ಸತ್ತವನು’ ಎಂದೇನಾದರೂ ಹೇಳಿದರೆ, ಅದನ್ನು ಅವರ ಮಾತಿನಲ್ಲಿಯೇ, ತಿದ್ದದೆ, ದಾಖಲೆಯ ಹಾಳೆಯಲ್ಲಿ ಬರೆದುಕೊಳ್ಳಬೇಕು.